ಇಟಲಿ ಗಾಡಿಯ ಹಗ್ಗ

ಚಳ್ಳಕೆರೆ
18 ಫೆಬ್ರವರಿ 2024

ಶಶಿರೇಖಮ್ಮನವರಿಗೆ ಮಾರುತೇಶನ ನಮಸ್ಕಾರಗಳು.

ನಿಮ್ಮಿಂದ ಕೊಂಡ ಕಾರು ಸುಖವಾಗಿ ಮನೆ ಮುಟ್ಟಿತು. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಏನಿದ್ದರೂ ಬರೆದು ರಾಯದುರ್ಗದ ಬಸ್ಸಿನ ಕಂಡಕ್ಟರ್ ಚಂದ್ರಣ್ಣನ ಕೈಲಿ ಕೊಡಿ ಎಂದು ನೀವೇ ಹೇಳಿದ್ದಿರಿ. ಅದಕ್ಕೇ ಈ ಕಾಗದ. ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬಿಲ್ಲು ಬರೆಯುವುದು ಬಿಟ್ಟರೆ ನನಗೆ ಬೇರೆ ಬರವಣಿಗೆ ಗೊತ್ತಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊನ್ನೆ ಬೆಳಗಿನ ಚಳಿಯಲ್ಲಿ ನಿಮ್ಮ ಬಾಗಿಲಿಂದ ಹೊರಟವನು ಬಿ.ಜಿ.ಕೆರೆ, ತಳಕು ದಾಟಿ ಎಲ್ಲೂ ನಿಲ್ಲದೆ ಬಂದೆ. ಎಡಗಡೆ ಸ್ಟೇರಿಂಗು ಇನ್ನೂ ಕೈಗೆ ಹತ್ತಿಲ್ಲ. ಊರಲ್ಲೆಲ್ಲ ಮಾರುತೇಶ ಫಿಯೆಟ್ ತಂದನಂತೆ ಎಂದು ಸುದ್ದಿ. ಫಿಯೆಟ್ ಎಂದರೆ ಹಳೇ ಟ್ಯಾಕ್ಸಿ ಎಂದುಕೊಂಡು ಬಂದವರು ಎರಡೇ ಬಾಗಿಲಿನ ಉದ್ದ ಮೂತಿಯ ಗಾಡಿ ನೋಡಿ ಬೆಪ್ಪಾಗಿ ನಿಲ್ಲುತ್ತಾರೆ. ಇದು ಇಟಲಿಯಲ್ಲೇ ಮಾಡಿದ 2300 ಎಸ್ ಕೂಪೆ, ಇಬ್ಬರು ಆರಾಮಾಗಿ ದೂರದ ಊರಿಗೆ ಹೋಗಲೆಂದು ಮಾಡಿದ ಗಾಡಿ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ನನ್ನ ಹೆಂಡತಿ ಮೌನಿಕಾ ಮಾತ್ರ, "ಅಡುಗೆಮನೆ ಹೊಗೆ ಹೋಗೋಕೆ ಒಂದು ಕಿಂಡಿ ಮಾಡಿಸ್ರಿ ಅಂದ್ರೆ ಹೊಗೆ ಬಿಡೋ ಗಾಡಿ ತಂದಿದೀರಲ್ಲ" ಎಂದಳು.

ಹಿಂದಿನ ಸೀಟಿನ ಕೆಳಗೆ ಮೂತಿಯಲ್ಲಿ ಸಣ್ಣ ತೂತಿರುವ ಹಿತ್ತಾಳೆ ಗಿಂಡಿ ಸಿಕ್ಕಿತು. ಪೂಜೆಯದಿರಬೇಕೆಂದು ಮೌನಿಕಾ ದೇವರ ಮನೆಯಲ್ಲಿಟ್ಟಿದ್ದಾಳೆ. ಬೇಕಿದ್ದರೆ ಕಳಿಸುತ್ತೇನೆ. ಬಾನೆಟ್ ಒಳಗೆ ಒಂದು ಕಬ್ಬಿಣದ ಬಳೆ ಬೆಸೆದಿದ್ದಾರೆ. ಅದು ಯಾತಕ್ಕೆ?

ನೀವು ಹಾಕಿದ ಒಂದೇ ಷರತ್ತು ನೆನಪಿದೆ. ಪ್ರತಿ ವರ್ಷ ಅಕ್ಷಯ ತದಿಗೆಯ ಮರುದಿನ, ನಿಮ್ಮ ಯಜಮಾನರು ಬಾಲರಾಜು ಅವರ ವರ್ಷದ ತಿಥಿಯ ದಿನ, ಕಾರು ತಾನಾಗಿ ಓಡಿಕೊಂಡು ನಿಮ್ಮ ಬಾಗಿಲಿಗೆ ಬರಬೇಕು. ಬರುತ್ತದೆ, ಚಿಂತೆ ಬೇಡ.

ನಿಮ್ಮ,
ಮಾರುತೇಶ್


ಮೊಳಕಾಲ್ಮೂರು
27 ಫೆಬ್ರವರಿ 2024

ಮಾರುತೇಶ್ ಅವರಿಗೆ ಶಶಿರೇಖಾ ಬರೆಯುವುದು.

ಅಕ್ಷರ ಪರವಾಗಿಲ್ಲ. ಒತ್ತಿ ಬರೆದು ಹಾಳೆ ತೂತು ಮಾಡಿದ್ದೀರಿ, ಅಷ್ಟೇ.

ಗಿಂಡಿ ನಿಮ್ಮಲ್ಲೇ ಇರಲಿ. ದೇವರ ಮನೆ ಸೇರಿದ್ದನ್ನು ವಾಪಸ್ ಕೇಳಬಾರದು. ಬಾನೆಟ್ ಒಳಗಿನದು ನನಗೆ ಗೊತ್ತಿಲ್ಲ. ಅವರು ಬಾನೆಟ್ ಎತ್ತಿದರೆ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ, ನಾನು ಮಗ್ಗಕ್ಕೆ ಕೂತರೆ ಅವರನ್ನು ಸೇರಿಸುತ್ತಿರಲಿಲ್ಲ. ಸಂಸಾರ ಹಾಗೇ ಚೆನ್ನಾಗಿ ನಡೆಯಿತು.

ರಾಂಪುರದ ಆಚೆ ಗಣಿ ಆಫೀಸಿನಲ್ಲಿ ಅವರು ನಕ್ಷೆ ಬರೆಯುತ್ತಿದ್ದರು. ಅಲ್ಲಿದ್ದ ಇಟಲಿ ಇಂಜಿನಿಯರು ಊರಿಗೆ ಹೋಗುವಾಗ ಬಿಟ್ಟುಹೋದ ಗಾಡಿ ಇದು. ಮದುವೆಯಾದ ಎರಡನೇ ವರ್ಷ ಮನೆಗೆ ಬಂತು. ನಾನು ಬಲಗಡೆ ಕೂರುತ್ತಿದ್ದೆ, ಅವರು ಎಡಗಡೆ ಓಡಿಸುತ್ತಿದ್ದರು. ನೋಡಿದವರಿಗೆ ನಾನೇ ಓಡಿಸುತ್ತಿದ್ದೇನೆ ಎನ್ನಿಸಿ, ನೇಕಾರರ ಸೊಸೆ ಮಡಿಲಲ್ಲಿ ಕೈಯಿಟ್ಟುಕೊಂಡು ಕಾರು ಓಡಿಸುತ್ತಾಳೆಂದು ಊರಲ್ಲಿ ಹಬ್ಬಿತ್ತು. ಮುಂದಿರುವ ಗಡಿಯಾರಗಳಂಥವುಗಳ ಮೇಲೆ ಬರೆದಿರುವುದು ತಿಳಿದುಕೊಳ್ಳಿ. ಆಕ್ವಾ ಎಂದರೆ ನೀರು, ಓಲಿಯೊ ಎಣ್ಣೆ, ಬೆಂಜಿನಾ ಪೆಟ್ರೋಲು. ಇಟಲಿಯ ಮೂರು ಮಾತು ಬಲ್ಲ ನೇಯುವವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ.

ಗಾಡಿ ನಿಂತಿದ್ದ ಜಾಗದಲ್ಲಿ ಸೊಸೆ ವೀಣಾ ಕಾಲು ಇಳಿಬಿಡಲು ಗುಂಡಿ ತೆಗೆಸಿ ಇನ್ನೊಂದು ಮಗ್ಗ ಹೂಡಿದ್ದಾಳೆ. ಅದಕ್ಕೇ ಮಾರಿದ್ದು, ಬೇಜಾರಿಗಲ್ಲ.

ಒಂದು ಮಾತು. ಒಬ್ಬರೇ ದೂರ ಹೋಗಬೇಡಿ.

ಶಶಿರೇಖಾ


ಚಳ್ಳಕೆರೆ
16 ಏಪ್ರಿಲ್ 2024

ಶಶಿರೇಖಮ್ಮನವರಿಗೆ ನಮಸ್ಕಾರ.

ಒಬ್ಬನೇ ಹೋಗಬೇಡಿ ಎಂದಿರಿ, ಪ್ರೀತಿಯಿಂದ ಹೇಳಿದ್ದೀರೆಂದು ತಿಳಿದೆ. ಯುಗಾದಿಯ ಮರುದಿನ ಮೌನಿಕಾಳನ್ನು ಕೂರಿಸಿಕೊಂಡು ಪರಶುರಾಂಪುರದ ನೆಂಟರ ಮನೆಗೆ ಹೊರಟೆ. ಊರು ದಾಟಿ ಸ್ವಲ್ಪ ದೂರಕ್ಕೆ ಗಾಡಿ ಕೆಮ್ಮಿ ನಿಂತುಬಿಟ್ಟಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಹೊಸ ಸೀರೆ ಉಟ್ಟ ಹೆಂಡತಿ ಜಾಲಿ ಮರದ ಕೆಳಗೆ, ನಾನು ಬಾನೆಟ್ ಕೆಳಗೆ. ಕೊನೆಗೆ ಈರುಳ್ಳಿ ತುಂಬಿದ ಟ್ರ್ಯಾಕ್ಟರ್ ಎಳೆದುಕೊಂಡು ಬಂದಿತು. "ಈ ಗಾಡೀಲಿ ಇನ್ನೊಂದ್ಸಲ ಕೂತ್ರೆ ನನ್ ಹೆಸರು ಬೇರೆ ಇಡ್ರಿ" ಎಂದಿದ್ದಾಳೆ.

ವಿಚಿತ್ರವೆಂದರೆ ಸಂಜೆ ತಣ್ಣಗಾದ ಮೇಲೆ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆಮೇಲೆ ಬಿಸಿಲಲ್ಲಿ ತೆಗೆದಾಗಲೆಲ್ಲ ಇದೇ ಕಥೆ. ಮೆಕ್ಯಾನಿಕ್ ಗಂಗರಾಜು ಹಳೇ ಅಂಬಾಸಿಡರ್ ಕಾಲದವನು. ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಕುದಿದು ಹಬೆಯಾಗುತ್ತದೆ, ಒದ್ದೆ ಬಟ್ಟೆ ಸುತ್ತಬೇಕು ಎಂದ. ಸುತ್ತಿದೆವು. ತಳಕು ಮುಟ್ಟುವಷ್ಟರಲ್ಲಿ ಬಟ್ಟೆ ಒಣಗಿ ಹಪ್ಪಳವಾಗಿತ್ತು. ಪಂಪು ಬದಲಾಯಿಸಿದ, ಪೈಪು ಬದಲಾಯಿಸಿದ. ಪ್ರಯೋಜನವಿಲ್ಲ.

ನಿಮ್ಮ ಯಜಮಾನರ ಕಾಲದಲ್ಲೂ ಹೀಗೇ ನಿಲ್ಲುತ್ತಿತ್ತೇ? ಅವರು ಏನಾದರೂ ಮಾಡುತ್ತಿದ್ದರೇ? ನೆನಪಿದ್ದಷ್ಟು ಬರೆಯಿರಿ.

ಮಾರುತೇಶ್


ಮೊಳಕಾಲ್ಮೂರು
23 ಏಪ್ರಿಲ್ 2024

ಮಾರುತೇಶ್ ಅವರಿಗೆ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮಲ್ಲಿ ಅಷ್ಟು ವರ್ಷ ಇದ್ದ ಗಾಡಿ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಗೆ ಹೋಗಿ ಬಂದಿದ್ದೇವೆ. ಬಳ್ಳಾರಿ ಬಿಸಿಲಿಗಿಂತ ಚಳ್ಳಕೆರೆ ಬಿಸಿಲು ಜೋರೇ?

ಅವರು ಏನು ಮಾಡುತ್ತಿದ್ದರು ಎಂದರೆ, ಎಲ್ಲರೂ ಮಾಡುವುದನ್ನೇ. ನೀರು, ಎಣ್ಣೆ ನೋಡುತ್ತಿದ್ದರು. ನಿಂಬೆಹಣ್ಣು ಇಡುತ್ತಿದ್ದರು. ದೃಷ್ಟಿಗೆ ಒಂದೆರಡು ಕಟ್ಟುತ್ತಿದ್ದರು. ಅದೆಲ್ಲ ನಂಬಿಕೆ, ಅದರಿಂದ ಗಾಡಿ ಓಡುವುದಿಲ್ಲ.

ನಿಮಗೆ ಮನಸ್ಸಿಲ್ಲದಿದ್ದರೆ ನೇರ ಹೇಳಿ. ಗಾಡಿಯ ಮೇಲೆ ಹಾಕಬೇಡಿ. ಅಕ್ಷಯ ತದಿಗೆ ಹತ್ತಿರ ಬಂತು.

ಶಶಿರೇಖಾ


ಚಳ್ಳಕೆರೆ
13 ಮೇ 2024

ಶಶಿರೇಖಮ್ಮನವರಿಗೆ,

ಬರಲಾಗಲಿಲ್ಲ. ಮೊನ್ನೆ ಬೆಳಿಗ್ಗೆಯೇ ಹೊರಟಿದ್ದೆ, ಒಬ್ಬನೇ. ಬಿಸಿಲೇರುವ ಮುಂಚೆ ನಿಮ್ಮೂರು ಸೇರಬೇಕೆಂದಿತ್ತು. ಹೊಟ್ಟು ತುಂಬಿದ ಲಾರಿಯೊಂದು ಮುಂದೆ ಸಿಕ್ಕಿತು. ಅದನ್ನು ದಾಟಿ ಹೋಗಲು ನನಗೆ ಧೈರ್ಯ ಬರಲಿಲ್ಲ. ಅದರ ಹಿಂದೆಯೇ ತೆವಳುತ್ತಾ ಹೋದೆ. ಬಿ.ಜಿ.ಕೆರೆಗೆ ಮುಂಚೆ ಗಾಡಿ ನಿಂತಿತು. ಬಿಸಿಲು ಇಳಿಯುವವರೆಗೆ ರಸ್ತೆ ಪಕ್ಕ ಕೂತಿದ್ದು ವಾಪಸ್ ತಂದೆ.

ಬಸ್ಸು ಹತ್ತಿ ಬರಬಹುದಿತ್ತು ಎನ್ನುತ್ತೀರಿ. ಬರಿಗೈಲಿ ಯಾವ ಮುಖ ಹೊತ್ತು ಬರಲಿ? ನನಗೆ ಮನಸ್ಸಿಲ್ಲ ಎಂದು ಬರೆದಿರಿ, ಅದರಿಂದ ನನಗೆ ತುಂಬಾ ನೋವಾಯಿತು. ಸುಸ್ಥಿತಿಯ ಗಾಡಿ ಎಂದು ನೀವು ಕೊಟ್ಟಿರಿ, ನಾನು ತಂದೆ. ಇನ್ನು ಹೆಚ್ಚು ಬರೆಯುವುದಿಲ್ಲ.

ಮಾರುತೇಶ್


ಮೊಳಕಾಲ್ಮೂರು
28 ಮೇ 2024

ಮಾರುತೇಶ್ ಅವರಿಗೆ,

ಎಡೆ ಇಟ್ಟೆವು. ಬಾಗಿಲಿಗೆ ನೀರು ಹಾಕಿ, ಗಾಡಿ ನಿಲ್ಲುವಷ್ಟು ಜಾಗ ಬಿಟ್ಟು ಸುತ್ತ ರಂಗೋಲಿ ಹಾಕಿದ್ದೆ. ನಡುವಿನ ಖಾಲಿ ಜಾಗ ನೋಡಿ ಬೀದಿಯವರು ಏನಕ್ಕ ಇದು ಎಂದು ಕೇಳಿದರು. ಸಂಜೆ ವೀಣಾ ಅಳಿಸಿದಳು.

ಶಶಿರೇಖಾ


ಮೊಳಕಾಲ್ಮೂರು
21 ಅಕ್ಟೋಬರ್ 2024

ಮಾರುತೇಶ್ ಅವರಿಗೆ,

ನಿಮ್ಮ ಕಾಗದವಿಲ್ಲದೆ ಮಳೆಗಾಲ ಕಳೆಯಿತು. ನಾನೂ ಬರೆಯಲಿಲ್ಲ. ಹಟ ಮಾಡಲು ಬರುವುದು ನಿಮಗಷ್ಟೇ ಅಲ್ಲ.

ನಿನ್ನೆ ಚಂದ್ರಣ್ಣ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. "ಗಾಡಿಗೆ ನೀಲಿ ಟಾರ್ಪಾಲು ಹೊದಿಸಿ ಅಂಗಡಿ ಹಿಂದೆ ನಿಲ್ಸವ್ರೆ ಅಕ್ಕಾರೆ. ಬೆಂಗ್ಳೂರಿನವರು ಯಾರೋ ಬಂದು ಫೋಟೊ ಹೊಡ್ಕಂಡು ಹೋದ್ರು." ನಿಜವೇ? ನಿಜವಾದರೆ ಮುಚ್ಚಿಡಬೇಡಿ. ಮಾರಿದ ಮೇಲೆ ಅದು ನಿಮ್ಮ ಗಾಡಿ. ಇಟ್ಟುಕೊಳ್ಳುವುದೂ ಮಾರುವುದೂ ನಿಮಗೆ ಸೇರಿದ್ದು. ಆದರೆ ಅದು ಬೆಂಗಳೂರಿಗೆ ಹೋದರೆ ಮತ್ತೆ ನನ್ನ ಬಾಗಿಲಿಗೆ ಬರುವುದಿಲ್ಲ. ಅದು ನನಗೆ ಸಂಕಟ. ಇದನ್ನು ಹೇಳಲು ನಾಚಿಕೆಯಿಲ್ಲ.

ಮಾರುವುದೇ ಆದರೆ ಹಿರಿಯಳಾಗಿ ಒಂದು ಮಾತು ಹೇಳುತ್ತೇನೆ. ದನ ಮಾರಿದರೂ ಹಗ್ಗ ಮಾರಬಾರದು. ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆ ಹೋಗುತ್ತದೆ. ನಿಮಗೆ ಗಾಡಿ ಕೊಟ್ಟಾಗ ನಾನೂ ಅದರ ಹಗ್ಗ ಕೊಡಲಿಲ್ಲ. ಇಲ್ಲೇ ಗೂಟದಲ್ಲಿ ತೂಗುತ್ತಿದೆ. ಆಯುಧ ಪೂಜೆಯ ದಿನ ಮಗ್ಗಕ್ಕೆ, ಲಾಳಿಗೆ ಕುಂಕುಮ ಇಟ್ಟ ಕೈಯಲ್ಲೇ ಅದಕ್ಕೂ ಇಟ್ಟೆ. ನೀವೂ ಹಾಗೇ ಏನಾದರೂ ಒಂದನ್ನು ಉಳಿಸಿಕೊಳ್ಳಿ.

ಶಶಿರೇಖಾ


ಚಳ್ಳಕೆರೆ
24 ಅಕ್ಟೋಬರ್ 2024

ಶಶಿರೇಖಮ್ಮನವರಿಗೆ ನಮಸ್ಕಾರ.

ನಿಜ. ಬೆಂಗಳೂರಿನಲ್ಲಿ ಹಳೇ ಕಾರುಗಳನ್ನು ಗಾಜಿನ ಹಜಾರದಲ್ಲಿ ಸಾಲಾಗಿ ನಿಲ್ಲಿಸಿಕೊಂಡಿರುವ ಒಬ್ಬರಿದ್ದಾರೆ. ಓಡದಿದ್ದರೂ ಪರವಾಗಿಲ್ಲ, ನಿಂತರೆ ಸಾಕು ಎಂದರು. ಬೇಸಿಗೆಗೆ ಬಂದು ಒಯ್ಯುತ್ತೇನೆ ಎಂದಿದ್ದಾರೆ. ನಿಮಗೆ ಹೇಳಲು ಬಾಯಿ ಬರಲಿಲ್ಲ.

ಅದು ಹಾಗಿರಲಿ. ಯಾವ ಹಗ್ಗ? ಕಾರಿಗೆ ಎಲ್ಲಿಯ ಹಗ್ಗ? ಅದು ಎಷ್ಟುದ್ದ ಇದೆ, ಯಾತರದ್ದು, ಎಲ್ಲಿ ಕಟ್ಟುತ್ತಿದ್ದರು? ಚಂದ್ರಣ್ಣನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, ಬಸ್ಸು ಹಾರ್ನ್ ಹೊಡೆಯುತ್ತಿದೆ.

ಮಾರುತೇಶ್


ಮೊಳಕಾಲ್ಮೂರು
4 ನವೆಂಬರ್ 2024

ಮಾರುತೇಶಪ್ಪನಿಗೆ,

ದೀಪಾವಳಿ ಕೆಲಸದಲ್ಲಿ ತಡವಾಯಿತು. ಹೇಳುತ್ತೇನೆ, ಕೇಳು.

ಗಾಡಿ ಬಂದ ಮೊದಲ ಬೇಸಿಗೆಯಲ್ಲಿ ಅವರು ಒಂದು ಮಧ್ಯಾಹ್ನ ನನ್ನನ್ನು ಮಗ್ಗದಿಂದ ಎಬ್ಬಿಸಿ ತಾವೇ ಕೂತರು. ನೇಯುವ ಮನೆಯಲ್ಲೇ ಹುಟ್ಟಿದವರು, ಕೈ ಮರೆತಿರಲಿಲ್ಲ. ದಪ್ಪ ಹತ್ತಿ ನೂಲಿನಲ್ಲಿ ಲಾಡಿಯ ಹಾಗೆ ಉದ್ದಕ್ಕೆ, ಒಳಗೆ ಟೊಳ್ಳಾಗಿ ನೇಯ್ದರು. ಒಂದು ತುದಿಯನ್ನು ದೀಪದ ಬತ್ತಿಯಂತೆ ಹೊಸೆದು ಬಿಟ್ಟರು. ಕಂದು ಅಂಚು ಬೇರೆ. ಹೊರಡುವ ಮುಂಚೆ ತೊಟ್ಟಿಯಲ್ಲಿ ಅದ್ದಿ ಬಾನೆಟ್ ಒಳಗೆ ಕಟ್ಟುವುದು, ಬಂದ ಮೇಲೆ ಬಿಚ್ಚಿ ಗೂಟಕ್ಕೆ ಹಾಕುವುದು. ಇದೇನ್ರಿ ಎಂದರೆ, "ಇಟಲಿ ಎತ್ತಿನ ಹಗ್ಗ ಕಣೇ" ಎನ್ನುತ್ತಿದ್ದರು. ನಾನು ದೃಷ್ಟಿಗೆ ಕಟ್ಟುವುದೆಂದು ತಿಳಿದೆ. ಗಾಡಿ ಮಾರುವಾಗ, ಹಗ್ಗ ಅಲ್ಲವೇ, ಗೂಟದಲ್ಲೇ ಬಿಟ್ಟೆ.

ನಿನ್ನ ಕಾಗದ ಓದಿದ ಮೇಲೆ ಹಗ್ಗವನ್ನು ಗೂಟದಿಂದ ಇಳಿಸಿ ತಿರುಗಿಸಿ ತಿರುಗಿಸಿ ನೋಡಿದೆ. ನಿನ್ನ ಗಾಡಿ ನಿಲ್ಲುತ್ತಿದ್ದದ್ದು ನನ್ನ ಗೂಟದಿಂದ ಎಂದು ಈಗ ಗೊತ್ತಾಯಿತು. ಕುಣಿಯಲಾರದವಳು ಎಂದು ನಿನಗೆ ಬರೆದೆನಲ್ಲ, ಅದನ್ನು ನನಗೇ ಬರೆದುಕೊಳ್ಳಬೇಕಿತ್ತು.

ಆದರೂ ಈ ಹಗ್ಗ ಕೊಡಲಾರೆ. ನಮ್ಮತ್ತೆ ಹಾಲು ಕೊಡುವ ಎಮ್ಮೆಯನ್ನು ಹಗ್ಗದ ಸಮೇತ ಮಾರಿದ ವರ್ಷ ಮನೆಯ ಮಗ್ಗಗಳೆಲ್ಲ ನಿಂತುಹೋದವು. ಮೂರ್ಖಳೆನ್ನು, ನನಗೆ ಭಯ. ಈಗ ವೀಣಾ ಹೊಸ ಮಗ್ಗ ಹೂಡಿದ್ದಾಳೆ.

ಅದಕ್ಕೂ ದಾರಿಯಿದೆ. ಕೊಂಡವರು ತಮ್ಮ ಮನೆಯ ಹಗ್ಗ ತರಬೇಕು. ನೀನು ತರಲಿಲ್ಲ, ನಾನು ಕೇಳಲಿಲ್ಲ. ಈಗ ತಾ. ನಿನ್ನ ಹೆಂಡತಿ ಉಟ್ಟು ಮೆತ್ತಗಾದ ಹತ್ತಿ ಸೀರೆ ಒಂದು ಕಳಿಸು. ನೇಯುವುದು ನನ್ನ ಕೆಲಸ.

ಶಶಿರೇಖಾ


ಚಳ್ಳಕೆರೆ
19 ನವೆಂಬರ್ 2024

ಅಮ್ಮಾ, ನಮಸ್ಕಾರ.

ನಿಮ್ಮ ಕಾಗದವನ್ನು ಗಂಗರಾಜುಗೆ ಓದಿ ಹೇಳಿದೆ. ಬೀಡಿ ಬಿಸಾಡಿ ಎದ್ದು ನಿಂತ. "ಬತ್ತಿ ಕಣ್ರಿ ಅದು. ಆ ಕಬ್ಬಿಣದ ಬಳೇಲಿ ನೀರಿನ ಪಾತ್ರೆ ಕೂತಿರ್ಬೇಕು. ಬತ್ತಿ ನೀರು ಕುಡಿದು ಪೈಪನ್ನ ದಾರಿ ಉದ್ದಕ್ಕೂ ತಂಪಾಗಿ ಇಡುತ್ತೆ. ಪಾತ್ರೆ ಎಲ್ಲಿ?" ಎಂದ. ಪಾತ್ರೆ ನಮ್ಮ ದೇವರ ಮನೆಯಲ್ಲಿ ತುಳಸಿ ನೀರು ತುಂಬಿಕೊಂಡು ಕೂತಿತ್ತು. ಹಗ್ಗ ನಿಮ್ಮ ಗೂಟದಲ್ಲಿ, ಗಿಂಡಿ ನಮ್ಮ ದೇವರ ಮುಂದೆ. ಇಬ್ಬರೂ ಭಕ್ತಿಯಿಂದ ಗಾಡಿಯನ್ನು ನಿಲ್ಲಿಸಿದ್ದೇವೆ. ತಪ್ಪು ಗಾಡಿಯದಲ್ಲ, ನಮ್ಮ ಸೀಮೆಯ ಬಿಸಿಲಿನದು ಮತ್ತು ನಮ್ಮಿಬ್ಬರದು.

ಪೈಪಿನ ಉದ್ದಕ್ಕೆ ಹುರಿ ಕತ್ತರಿಸಿ ಸೀರೆಯ ಮಡಿಕೆಯಲ್ಲಿಟ್ಟಿದ್ದೇನೆ. ಬೆಂಗಳೂರಿನವರಿಗೆ ಇನ್ನೂ ಬೇಡ ಎಂದು ಹೇಳಿಲ್ಲ. ಹಗ್ಗ ಬರಲಿ, ನೋಡೋಣ. ನಿಮಗೆ ಸುಳ್ಳು ಹೇಳಲಾರೆ.

ಮಾರುತೇಶ

ಅಮ್ಮಾ, ನಾನು ಮೌನಿಕಾ. ಈ ಸೀರೆ ಮಗಳ ಬಾಣಂತನದಲ್ಲಿ ಉಟ್ಟಿದ್ದು, ಬೇರೆ ಯಾವುದಕ್ಕೂ ಕೊಡ್ತಿರಲಿಲ್ಲ. ನೀವು ಕೇಳಿದಿರಿ ಅಂತ ಕೊಡ್ತಿದೀನಿ. ಗಿಂಡಿ ಕೊಡಲ್ಲ ಅಂತ ಎರಡು ದಿನ ಜಗಳ ಆಡಿದೆ. ಆಮೇಲೆ ದೇವರು ಬಾನೆಟ್ ಒಳಗೂ ಇರ್ತಾನೆ ಬಿಡು ಅಂದ್ಕೊಂಡೆ. ಒಂದು ಕೇಳ್ತೀನಿ. ಇವರಿಗೆ ಆ ಗಾಡಿ ಯಾಕೆ ಅಷ್ಟು ಬೇಕು ಅಂತ ನನಗೆ ಇನ್ನೂ ಅರ್ಥ ಆಗಿಲ್ಲ. ನೀವು ಅಷ್ಟು ವರ್ಷ ಹೆಂಗೆ ಬಾಳಿದ್ರಿ ಅದರ ಜೊತೆ?


ಮೊಳಕಾಲ್ಮೂರು
20 ಜನವರಿ 2025

ಮಾರುತೇಶ, ಹಗ್ಗ ಈ ಕಾಗದದ ಜೊತೆ ಇದೆ. ಸೀರೆಯನ್ನು ಸೀಳಿ ಹೊಕ್ಕಿಗೆ, ಅಡ್ಡ ಎಳೆಯಾಗಿ, ಹಾಕಿದೆ. ಸೀರೆಯ ಹಳದಿ ಚುಕ್ಕೆ ಅಲ್ಲಲ್ಲಿ ಕಾಣುತ್ತದೆ. ಹೊರಡುವ ಮುಂಚೆ ಚೆನ್ನಾಗಿ ನೆನೆಸು. ಬಂದ ಮೇಲೆ ಬಿಚ್ಚಿ ಗೂಟಕ್ಕೆ ಹಾಕು, ಒಳಗೇ ಬಿಟ್ಟರೆ ಕೊಳೆಯುತ್ತದೆ. ಇನ್ನುಳಿದದ್ದು ಮೌನಿಕಾಗೆ. ನೀನು ಓದಿದರೂ ಅಡ್ಡಿಯಿಲ್ಲ.

ಮೌನಿಕಾ, ಹೆಂಗೆ ಬಾಳಿದಿರಿ ಎಂದು ಕೇಳಿದೆಯಲ್ಲ. ನಮ್ಮ ರಸ್ತೆಯಲ್ಲಿ ಎಲ್ಲರ ಸ್ಟೇರಿಂಗೂ ಬಲಕ್ಕೆ, ಆ ಗಾಡಿಯದು ಎಡಕ್ಕೆ. ಮುಂದೆ ಲಾರಿ ಇದ್ದರೆ ಓಡಿಸುವವನಿಗೆ ಅದರ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ಎದುರಿಂದ ಬರುವುದು ಕಾಣುವುದು ಬಲಗಡೆ ಕೂತವಳಿಗೆ. ನಾನು ಕತ್ತು ಚಾಚಿ ನೋಡುತ್ತಿದ್ದೆ. ದಾರಿ ಖಾಲಿ ಇದ್ದರೆ ತೆಲುಗಿನಲ್ಲಿ "ಪೋ" ಎನ್ನುತ್ತಿದ್ದೆ, ಇಲ್ಲದಿದ್ದರೆ "ಆಗು". ಹೋಗು, ನಿಲ್ಲು, ಅಷ್ಟೇ. ಗಂಡನಿಗೆ ಹಾಗೆ ಏಕವಚನದಲ್ಲಿ ಮನೆಯಲ್ಲಿ ಒಂದು ದಿನವೂ ಅಂದವಳಲ್ಲ. ಆದರೆ ಪೋಂಡಿ, ಆಗಂಡಿ ಎಂದು ಮರ್ಯಾದೆ ಕೊಡುತ್ತಾ ಕೂತರೆ ಲಾರಿ ಮೈಮೇಲೆ ಬಂದಿರುತ್ತದೆ.

ನಾನು ಪೋ ಎಂದರೆ ಅವರು ಹೋಗುತ್ತಿದ್ದರು. ನಿಜವಾ, ಸರಿಯಾಗಿ ನೋಡಿದೆಯಾ ಎಂದು ಒಂದು ಸಲವೂ ಕೇಳಲಿಲ್ಲ. ಆಮೇಲೆ ನನ್ನ ಕಿವಿ ಮಂದವಾಯಿತು, ಎದುರಿನ ಹಾರ್ನ್ ಕೇಳಿಸದಾಯಿತು. ಆಗಲೂ ಕೇಳಲಿಲ್ಲ. ಅವರು ಹೋದ ಮೇಲೆ ನಾನು ಹೆಚ್ಚು ಅತ್ತದ್ದು ಅದಕ್ಕೇ. ನನ್ನ ಒಂದು ಮಾತಿನ ಮೇಲೆ ಜೀವವಿಟ್ಟು ಮುಂದೆ ಹೋಗುವವರು ಇನ್ನು ಯಾರೂ ಇಲ್ಲ.

ಒಬ್ಬನೇ ಹೋಗಬೇಡ ಎಂದು ನಿನ್ನ ಗಂಡನಿಗೆ ಬರೆದದ್ದು ಇದಕ್ಕೆ. ಬಿಡಿಸಿ ಬರೆಯಲು ಆಗ ಮನಸ್ಸಾಗಲಿಲ್ಲ. ನನ್ನ ಜಾಗವನ್ನು ಇನ್ನೊಬ್ಬಳಿಗೆ ಕೊಟ್ಟ ಹಾಗಾಗುತ್ತದೆ ಎನಿಸಿತ್ತು. ಈಗ ಕೊಡುತ್ತಿದ್ದೇನೆ. ಕೂರುವುದೂ ಬಿಡುವುದೂ ನಿನಗೆ ಸೇರಿದ್ದು.

ಶಶಿರೇಖಾ


ಚಳ್ಳಕೆರೆ
22 ಏಪ್ರಿಲ್ 2025

ಅಮ್ಮಾ,

ನಿನ್ನೆ ಬೆಂಗಳೂರಿನವರು ದೊಡ್ಡ ಲಾರಿ ಸಮೇತ ಬಂದರು. ಓಡುತ್ತದೆಯೇ ಎಂದು ಕೇಳಿದರು. ನಡುಮಧ್ಯಾಹ್ನ ತಳಕಿನವರೆಗೆ ಕರೆದುಕೊಂಡು ಹೋಗಿ ಬಂದೆ. ಒಂದು ಕೆಮ್ಮಿಲ್ಲ. ಬಾನೆಟ್ ಎತ್ತಿದಾಗ ಹಗ್ಗ ಇನ್ನೂ ತೊಟ್ಟಿಕ್ಕುತ್ತಿತ್ತು. ಅವರಿಗೆ ಆಸೆ ಇಮ್ಮಡಿಯಾಯಿತು. ಈಗಲೇ ಲಾರಿಗೆ ಹತ್ತಿಸೋಣ ಎಂದರು.

ನಾನು ಅಭ್ಯಾಸದಂತೆ ಹಗ್ಗ ಬಿಚ್ಚಿ ಒಳಗೆ ಹೋಗಿ ಗೂಟಕ್ಕೆ ಹಾಕಿ ಬಂದೆ. ಅದೂ ಬೇಕಲ್ಲ ಎಂದರು. ಹಗ್ಗ ಕೊಡುವುದಿಲ್ಲ, ಕೊಂಡವರು ತಮ್ಮದು ತರಬೇಕು ಎಂದುಬಿಟ್ಟೆ. ಬಾಯಿಂದ ನಿಮ್ಮ ಮಾತೇ ಬಂತು. ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಮೌನಿಕಾ, "ನಿಮ್ ಮನೆಯವರ ಹಳೇ ಸೀರೆ ಬೇಕು ಸಾರ್. ಅವರು ಬಲಗಡೆ ಕೂತು ದಾರಿ ನೋಡೋಕೂ ಬರಬೇಕು. ಕೇಳ್ಕೊಂಡು ಬರ್ರಿ" ಎಂದಳು. ಅವರು ನಮ್ಮಿಬ್ಬರ ಮುಖ ನೋಡಿ, ಇವರಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ಖಾಲಿ ಲಾರಿ ವಾಪಸ್ ಹೋಯಿತು.

ಸಂಕ್ರಾಂತಿ ಕಳೆದ ಮೇಲೆ ಬಂದ ನಿಮ್ಮ ಕಾಗದವನ್ನು ಮೌನಿಕಾ ಓದಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಕೂರುತ್ತೀಯಾ ಎಂದು ನಾನೂ ಕೇಳಿರಲಿಲ್ಲ. ಲಾರಿ ಹೋದ ಮೇಲೆ ತಾನೇ ಬಂದು ಬಲಗಡೆ ಕೂತಳು. ಬೈಪಾಸಿನವರೆಗೆ ಹೋಗಿ ಬಂದೆವು. ಬೇರೆ ಹೆಸರು ಏನಿಡಲಿ ಎಂದು ಕೇಳಿದ್ದಕ್ಕೆ ತೊಡೆ ಚಿವುಟಿದಳು.

ಈ ಸಲ ಅಕ್ಷಯ ತದಿಗೆಯ ಮರುದಿನ ಮೇ ಒಂದನೇ ತಾರೀಖು. ಬರುತ್ತೇವೆ. ತಂಪು ಹೊತ್ತಿನಲ್ಲಿ ಕದ್ದು ಬರುವುದಿಲ್ಲ, ಬಿಸಿಲಿನಲ್ಲೇ ಬರುತ್ತೇವೆ.

ಮಾರುತೇಶ


ಮೊಳಕಾಲ್ಮೂರು
4 ಮೇ 2025

ಮಾರುತೇಶನಿಗೂ ಮೌನಿಕಾಗೂ ಆಶೀರ್ವಾದ.

ಸುಖವಾಗಿ ಊರು ಸೇರಿದಿರೆಂದು ಚಂದ್ರಣ್ಣ ಹೇಳಿದ. ನೀವಿಬ್ಬರೂ ಇದ್ದಾಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಅವತ್ತು ಮತ್ತೆ ರಂಗೋಲಿ ಹಾಕಿ ನಡುವೆ ಜಾಗ ಬಿಟ್ಟಿದ್ದೆ. ಈ ಸಲ ವೀಣಾ ಬೇಡ ಎಂದಳು, ನಾನು ಕೇಳಲಿಲ್ಲ. ಗಾಡಿ ಬೀದಿಗೆ ತಿರುಗಿದ್ದು ನನಗೆ ಕೇಳಿಸಲಿಲ್ಲ. ಬೀದಿಯವರೆಲ್ಲ ಒಂದೇ ಕಡೆ ತಿರುಗಿದ್ದು ನೋಡಿ ತಿರುಗಿದೆ. ಬಲಗಡೆ ಒಬ್ಬ ಹೆಂಗಸು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ಒಂದು ಗಳಿಗೆ ನನ್ನನ್ನೇ ನೋಡಿದ ಹಾಗಾಯಿತು. ಅಳು ಬಂತು, ಅತ್ತುಬಿಟ್ಟೆ. ನೀವು ಬಿಸಿಲಿಗೆ ಕಣ್ಣೊರೆಸಿಕೊಂಡೆ ಎಂದು ತಿಳಿದಿರಿ.

ಮೌನಿಕಾ ಇಳಿಯುತ್ತಲೇ ನನ್ನ ಕೈ ಹಿಡಿದು ಹೇಳಿದ್ದು ಬಾಯಿ ನೋಡಿಯೇ ಅರ್ಥವಾಯಿತು. "ಅಮ್ಮಾ, ನಾನು ಆಗು ಅಂದೆ, ಇವ್ರು ನಿಂತ್ರು. ಲಾರಿ ಮರೆಯಿಂದ ಎದುರಿಗೆ ಬಸ್ಸು ಬಂತು. ಕೈಕಾಲು ನಡುಗಿಹೋಯ್ತು." ನಡುಗಲಿ ಬಿಡು. ನಡುಗುವವಳೇ ಸರಿಯಾಗಿ ನೋಡುತ್ತಾಳೆ.

ಊಟವಾದ ಮೇಲೆ ನನ್ನನ್ನು ಬಲವಂತವಾಗಿ ಕೂರಿಸಿ ರಾಯದುರ್ಗದ ರಸ್ತೆಗೆ ಕರೆದುಕೊಂಡು ಹೋದಿರಿ. ಮುಂದೆ ಬಸ್ಸು ಸಿಕ್ಕಿತು. ಮಾರುತೇಶ, ನೀನು ಏನೂ ಕೇಳಲಿಲ್ಲ, ಅದರ ಹಿಂದೆ ಸುಮ್ಮನೆ ಹೋಗುತ್ತಿದ್ದೆ. ಮುದುಕಿಯನ್ನು ಯಾಕೆ ಕಷ್ಟಪಡಿಸಲಿ ಎಂದುಕೊಂಡಿರಬೇಕು. ನಾನು ಕತ್ತು ಚಾಚಿ ನೋಡಿದೆ. ಗುಡ್ಡದ ತಿರುವಿನವರೆಗೆ ದಾರಿ ಖಾಲಿ ಇತ್ತು. ಪೋ ಎಂದೆ. ಅವರು ಹೋದ ಮೇಲೆ ಆ ಮಾತು ನನ್ನ ಬಾಯಿಂದ ಹೊರಟದ್ದು ಅವತ್ತೇ. ನೀನು ನನ್ನ ಕಡೆ ತಿರುಗಿಯೂ ನೋಡದೆ ಹೋದೆ. ಅಷ್ಟು ಸಾಕು ನನಗೆ, ಜೀವ ತಣ್ಣಗಾಯಿತು.

ಇನ್ನೊಂದು ವಿಷಯ. ಮಾರುತೇಶ, ರಾಯದುರ್ಗದ ರಸ್ತೆಯಿಂದ ಬಂದ ಕೂಡಲೇ ನೀನು ಹಗ್ಗ ಬಿಚ್ಚಿ ನಮ್ಮ ಗೂಟಕ್ಕೇ ಹಾಕಿದ್ದೆ. ನೀವು ಹೊರಡುವಾಗ ನೆನೆಸಿ ಕೈಗೆ ಕೊಟ್ಟವಳು ನಾನು. ಮುಸ್ಸಂಜೆಯಲ್ಲಿ ನೀನು ಯಾವ ಹಗ್ಗವೆಂದು ನೋಡದೆ ಕಟ್ಟಿಕೊಂಡೆ. ಈಗ ಬಾನೆಟ್ ಎತ್ತಿ ನೋಡು. ಹಳದಿ ಚುಕ್ಕೆ ಇರುವುದಿಲ್ಲ, ಕಂದು ಅಂಚು ಇರುತ್ತದೆ. ಅವರು ನೇಯ್ದದ್ದು. ಒಣಗಿ ಗೂಟದಲ್ಲಿ ತೂಗುವುದು ಅದರ ಕೆಲಸವಲ್ಲ. ತಪ್ಪಾಯಿತೆಂದು ವಾಪಸ್ ಕಳಿಸಬೇಡಿ. ಮುಂದಿನ ತದಿಗೆಗೆ ಗಾಡಿಗೆ ಕಟ್ಟಿಕೊಂಡೇ ತನ್ನಿ.

ಗೂಟ ಖಾಲಿಯಿಲ್ಲ. ಮೌನಿಕಾಳ ಸೀರೆಯ ಹಗ್ಗ ಅಲ್ಲಿದೆ. ಆದರೂ ಮೊದಲ ದಿನ ಭಯವಿತ್ತು, ನಮ್ಮತ್ತೆಯ ಎಮ್ಮೆ ನೆನಪಾಗುತ್ತಿತ್ತು. ಈಗ ಇದನ್ನು ಬರೆಯುತ್ತಾ ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದೇನೆ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ವೀಣಾ ನೇಯುತ್ತಿದ್ದಾಳೆ. ನನಗೆ ಮಗ್ಗದ ಸದ್ದು ಕೇಳಿಸುವುದಿಲ್ಲ, ಅಂಗಾಲಿಗೆ ಗೊತ್ತಾಗುತ್ತದೆ. ನಡೆಯುತ್ತಿದೆ.

ಶಶಿರೇಖಾ